ಅರಸರ ಕೆಂಪು ಕಾರು, ಜವರಮ್ಮನ ಹಿತ್ತಿಲ ಮನೆ

ಕೇಳ್ರಪ್ಪಾ, ಊರ ಹೆಸರು ಮಾತ್ರ ಕೇಳ್ಬೇಡಿ. ಹೇಳಿದ್ರೆ ಆ ಊರೋರು ದೊಣ್ಣೆ ಹಿಡ್ಕೊಂಡು ನನ್ನ ಮನೆ ಮುಂದೆ ನಿಲ್ತಾರೆ. ಬೆಟ್ಟದ ಬುಡದಲ್ಲಿ ಒಂದು ಪೇಟೆ ಅನ್ಕೊಳ್ಳಿ, ಸಾಕು. ಅಲ್ಲಿ ಜವರಮ್ಮ ಅಂತ ಒಬ್ಬಳು, ಅವಳಿಗೆ ಸಣ್ಣಯ್ಯ ಅಂತ ಒಬ್ಬ ಮಗ. ಹೆಸರು ಸಣ್ಣಯ್ಯ, ಆಳು ಮಾತ್ರ ಬಾಗಿಲಲ್ಲಿ ಬಗ್ಗಿ ಬರ್ಬೇಕು. ಕೈಯಲ್ಲಿ ಕಸುವು ಎತ್ತಿಂದು, ಮನಸ್ಸು ಹಸುಗೂಸಿಂದು. ತಲೆ? ತಲೆ ವಿಷಯ ಬಿಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅಲ್ಲೇ ಬಂದಿದ್ದು ಗ್ರಹಚಾರ.

"ಅಯ್ಯೋ ನನ್ನ ಹಣೆಬರವೇ! ನಾನು ಕಣ್ಮುಚ್ಚಿದ್ರೆ ನಿನ್ನ ಗತಿ ಏನೋ ಮಗನೇ?" ಅಂತ ಜವರಮ್ಮ ದಿನಾ ಹಣೆ ಚಚ್ಕೋತಿದ್ಳು.

"ನೀನು ಕಣ್ಮುಚ್ಚಿದ್ರೆ ನಾನೂ ಮುಚ್ತೀನಿ ಬಿಡವ್ವ," ಅಂತಿದ್ದ ಸಣ್ಣಯ್ಯ. ನಗಬೇಡ್ರೋ, ಅವಳಿಗೆ ನಗು ಬರ್ತಿರ್ಲಿಲ್ಲ.

ಅವರಿದ್ದಿದ್ದು ಗೋಪಾಲರಾಜೇ ಅರಸರ ಬಂಗ್ಲೆ ಹಿತ್ತಲಲ್ಲಿ, ಎರಡಂಕಣದ ಹೆಂಚಿನ ಮನೆ. ಜವರಮ್ಮನ ಗಂಡ ಅರಸರ ಕಾರು ನೋಡ್ಕೊಂಡಿದ್ದ, ನೋಡ್ಕೋತಾನೇ ಸತ್ತ. ಅವನು ಸಾಯೋವಾಗ ಅರಸರು ಕೈ ಹಿಡ್ಕೊಂಡು, "ನಿನ್ನ ಮಗ ಕಾರು ನೋಡ್ಕೊಳ್ಳಲಿ. ಹಿತ್ಲು ನಂದಾಗಿರೋ ತನಕ ಆ ಮನೆ ನಿಮ್ಮದು," ಅಂದಿದ್ರು. ಆ ಮನೆ ಬಿಟ್ರೆ ತಾಯಿ ಮಗನಿಗೆ ಭೂಮಿ ಮೇಲೆ ಬೇರೆ ಸೂರಿಲ್ಲ. ಇಷ್ಟು ನೆನಪಿಟ್ಕೊಳ್ಳಿ.

ಇನ್ನು ಆ ಕಾರು! ಅರಸರ ತಂದೆ ಹಡಗಲ್ಲಿ ತರಿಸಿದ್ದು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಮೂತಿ ಉದ್ದ, ಬಣ್ಣ ಹಣ್ಣುಮೆಣಸಿನಕಾಯಿ ಕೆಂಪು. ರೇಸಿನ ಕಾರಂತೆ. ಓಡಿದ್ದನ್ನ ಕಂಡೋರು ಕಮ್ಮಿ, ತಳ್ಳಿದ್ದನ್ನ ಕಂಡೋರು ಊರ್ತುಂಬಾ. ಪೆಟ್ರೋಲು ಕುಡಿಯೋದು, ಎಣ್ಣೆ ಕುಡಿಯೋದು, ಕುಡಿದಿದ್ರಲ್ಲಿ ಅರ್ಧ ನೆಲದ ಮೇಲೆ ಬಿಡೋದು. ಒಂದು ಫರ್ಲಾಂಗು ಹೋದ್ರೆ ಒಂದು ಸಾಮಾನು ಕೆಡೋದು. ಆ ಸಾಮಾನು ಇಲ್ಲೆಲ್ಲೂ ಸಿಕ್ಕಲ್ಲ, ಸಮುದ್ರ ದಾಟ್ಕೊಂಡೇ ಬರ್ಬೇಕು.

ಏನೇ ಮುರೀಲಿ, ಅರಸರು ಬೈತಿರ್ಲಿಲ್ಲ. ಬೈದಿದ್ರೆ ಜವರಮ್ಮನಿಗೆ ಅಷ್ಟು ಭಯ ಆಗ್ತಿರ್ಲಿಲ್ಲ. ಸುಮ್ನೆ ಬರೋರು. ಕಾರನ್ನ ಒಂದು ಸುತ್ತು ಸುತ್ತೋರು. ಬಾನೆಟ್ ಮೇಲೆ ಮೆತ್ತಗೆ ಕೈ ಇಡೋರು. "ರಸೂಲ್ ಸಾಬ್ರನ್ನ ಕರೀರಿ," ಅನ್ನೋರು. ರಸೂಲ್ ಸಾಬ್ರು ಅಂದ್ರೆ ಮೆಕ್ಯಾನಿಕ್ಕು. ಅವರು ಬಂದು ಹೋದ್ರು ಅಂದ್ರೆ ಅರಸರ ಮನೇಲಿ ಏನೋ ಒಂದು ಮಾರಾಟ ಆಯ್ತು ಅಂತಾನೇ ಲೆಕ್ಕ. ಕ್ಲಚ್ಚು ಹೋದಾಗ ಗದ್ದೆ ಹೋಯ್ತು. ಟೈರು ಬಂದಾಗ ತೆಂಗಿನ ತೋಟ ಹೋಯ್ತು.

"ಬುದ್ದೀ, ತಪ್ಪು ತಿಳ್ಕೋಬೇಡಿ," ಅಂತ ಒಂದಿನ ಜವರಮ್ಮ ಧೈರ್ಯ ಮಾಡಿ ಕೇಳಿದ್ಳು. "ಆ ಕಾರನ್ನೇ ಮಾರ್ಬಿಡಬಾರ್ದಾ?"

"ನಮ್ಮ ಅಪ್ಪಾಜಿ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಓಡಿಸಿದ ಕಾರು ಜವರಮ್ಮ. ಅದು ಕಣ್ಣೆದುರಿಗೆ ಇರೋ ತನಕ ನನ್ನ ಕೈಲಿ ಆಗಲ್ಲ," ಅಂದ್ರು ಅರಸರು. ಪಾಪ, ಕಣ್ಣಲ್ಲಿ ನೀರೇ ಬಂತು ಅವರಿಗೆ.

ಹಿಂಗಿರೋವಾಗ ಕಾರಿನ ಮುಂದಿನ ದೀಪದ ಗಾಜು ಹಡಗಲ್ಲಿ ಬಂದು ಪೋಸ್ಟಾಫೀಸಲ್ಲಿ ಕೂತಿತ್ತು. "ಸಣ್ಣಯ್ಯ, ಬೇಗ ಹೋಗಿ ಬೇಗ ತಗೊಂಡ್ಬಾ," ಅಂದ್ರು ಅರಸರು.

ಬೇಗ ಅಂದ್ರಲ್ಲ! ಸಣ್ಣಯ್ಯ ಓಡಿದ. ಚರಂಡಿ ಹಾರಿದ, ಬೇಲಿ ಹಾರಿದ, ಮಲಗಿದ್ದ ಎಮ್ಮೆ ಹಾರಿದ. ಪೆಟ್ಟಿಗೆ ಹೆಗಲ ಮೇಲೆ ಛಿಲ್ ಛಿಲ್ ಅಂತಿತ್ತು. "ಬೇಗ ಬಂದೆ ಬುದ್ದೀ!" ಅಂತ ಬಿಚ್ಚಿದ್ರೆ, ಒಳಗೆ ಕಲ್ಲುಸಕ್ಕರೆ ಹಾಗೆ ಗಾಜಿನ ಚೂರು.

ಅರಸರು ಒಂದು ಸುತ್ತು ಸುತ್ತಿದ್ರು. ಬಾನೆಟ್ ಮೇಲೆ ಕೈ ಇಟ್ರು. "ರಸೂಲ್ ಸಾಬ್ರನ್ನ ಕರೀರಿ." ಆ ವಾರ ಅರಸರ ಹೆಂಡತಿ ಅಮ್ಮಣ್ಣಿಯವರ ಬಳೆ ಹೋಯ್ತು.

"ಲೋ ಮಂಕೇ!" ಅಂದ್ಳು ಜವರಮ್ಮ. "ಕಾರಿನ ಸಾಮಾನು ಅಂದ್ರೆ ಹಂಗಾ ತರೋದು? ಬಟ್ಟೇಲಿ ಸುತ್ತಿ, ಕೂಸಿನ ಹಾಗೆ ಎದೆಗೆ ಅವಚ್ಕೊಂಡು, ಮೆತ್ತಗೆ ತಂದು, ಮೆತ್ತಗೆ ಮಲಗಿಸ್ಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ!"

ಮುಂದಿನ ಸಲ ತರಬೇಕಾಗಿದ್ದು ಬ್ಯಾಟರಿ. ರಸೂಲ್ ಸಾಬ್ರು ಆಸಿಡ್ ತುಂಬಿಸಿ, ಚಾರ್ಜ್ ಮಾಡಿ ಕೊಟ್ರು. "ನೆಟ್ಟಗೆ ಹಿಡ್ಕೊಳಪ್ಪ," ಅಂದ್ರು. ಸಣ್ಣಯ್ಯ ಕೇಳ್ತಾನಾ? ಅವ್ವ ಹೇಳಿದ್ದು ಅವ್ವ ಹೇಳಿದ್ದೇ! ಜವರಮ್ಮನ ಹಬ್ಬದ ಸೀರೇಲಿ ಬ್ಯಾಟರಿ ಸುತ್ತಿದ. ಎದೆಗೆ ಅವಚ್ಕೊಂಡ. ದಾರಿ ಉದ್ದಕ್ಕೂ ಜೋಜೋ ಹಾಡಿ ತೂಗಿದ. ಷೆಡ್ಡಿಗೆ ಬಂದು ಕಾರಿನ ತೊಗಲು ಸೀಟಿನ ಮೇಲೆ ಮಗ್ಗುಲಾಗಿ ಮಲಗಿಸಿ ತಟ್ಟಿದ.

ಆಸಿಡ್ ಸೋರಿ ಸೀರೆ ತೂತಾಯ್ತು. ಅಂಗಿ ತೂತಾಯ್ತು. ಸೀಟು ಹೊಗೆಯಾಡಿ ಬೆಂದ್ಹೋಯ್ತು. ಎದೆ ಮೇಲೆ ಅಂಗೈಯಗಲ ಚರ್ಮ ಎದ್ದಿತ್ತು. "ಅವ್ವಾ, ಕೂಸು ಕಚ್ತು ಕಣವ್ವ!" ಅಂತ ಅಳ್ತಾ ಬಂದ.

ಮಗನ ಎದೆ ನೋಡಿ ಜವರಮ್ಮನ ಜೀವ ಬಾಯಿಗೆ ಬಂತು. ಕೊಡದಗಟ್ಲೆ ನೀರು ಹುಯ್ದು, ಅತ್ತು, ಆಮೇಲೆ ಬೈದ್ಳು. "ಉರಿ ಅಂತ ಗೊತ್ತಾದ ಕೂಡ್ಲೇ ತಣ್ಣೀರು ಹುಯ್ಕೋಬಾರ್ದೇನೋ! ಉರಿಯೋದು ಕಂಡ್ರೆ ತಣ್ಣೀರು, ತಿಳೀತಾ? ಕೊಡದ ತುಂಬಾ ತಣ್ಣೀರು!"

"ಹಂಗೇ ಆಗ್ಲಿ ಕಣವ್ವ!"

ಅತ್ಲಾಗೆ ಅರಸರು ಕಾರು ಸುತ್ತಿದ್ರು, ಕೈ ಇಟ್ರು, ಸಾಬ್ರನ್ನ ಕರೆಸಿದ್ರು. ಅಮ್ಮಣ್ಣಿಯವರ ನಡುವಿನ ಡಾಬು ಹೋಯ್ತು. ಅವರು ಅವತ್ತಿಂದ ಆ ಷೆಡ್ಡಿನ ಕಡೆ ಮುಖ ಹಾಕಿ ಮಲಗ್ತಾನೂ ಇರ್ಲಿಲ್ಲ.

ಎಲ್ಲಾ ಸರಿಯಾಯ್ತು ಅಂತ ಅರಸರು ಕಾರು ತಗೊಂಡು ಪೇಟೆ ಒಂದು ಸುತ್ತು ಹಾಕಿ ಬಂದ್ರು. ಬಂದು ನಿಲ್ಲಿಸಿದ್ರು ನೋಡಿ, ಮೂತಿಯಿಂದ ಬುಸ್ ಅಂತ ಹಬೆ! ಇಂಜಿನ್ನು ಕಾದು ಕೆಂಡ. ಅರಸರು ಮುಖ ತೊಳೆಯೋಕೆ ಒಳಕ್ಕೆ ಹೋದ್ರು. ಸಣ್ಣಯ್ಯ ನೋಡಿದ. ಉರಿ! ಉರಿ ಕಂಡ್ರೆ ಏನು? ತಣ್ಣೀರು! ಬಾವಿಯಿಂದ ಸೇದಿದ, ಬಾನೆಟ್ ಎತ್ತಿದ, ಹುಯ್ದ. ಇನ್ನೊಂದು ಕೊಡ, ಹುಯ್ದ. ಇಂಜಿನ್ನು ಟಳ್ ಅಂತು. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಜವರಮ್ಮನಿಗೆ ಆ ಸದ್ದು ಕೇಳಿ ಕೈಲಿದ್ದ ತಪ್ಪಲೆ ಜಾರಿತು.

ಇಂಜಿನ್ನಿನ ಮೈಯೇ, ಬ್ಲಾಕು ಅಂತಾರಲ್ಲ ಅದು, ಸೀಳು ಬಿಟ್ಟಿತ್ತು. ಇದಕ್ಕಿಂತ ದೊಡ್ಡ ಖರ್ಚು ಆ ಕಾರಿಗೆ ಇನ್ನೊಂದಿಲ್ಲ ಅಂದ್ರು ಸಾಬ್ರು. ಬಂಗ್ಲೆ ಮುಂದಿನ ಜಾಗಾನೇ ಹೋಯ್ತು. ಈಗ ಅರಸರ ಬಾಗಿಲು ತೆಗೆದ್ರೆ ಯಾರದೋ ಮನೆ ಗೋಡೆ.

ಅರಸರು ಹಿತ್ತಲಿಗೆ ಬಂದ್ರು. ಯಾವತ್ತೂ ಬಂದೋರಲ್ಲ. ಬಾಗಿಲಲ್ಲಿ ನಿಂತು, ತಲೆ ಎತ್ತದೆ ಹೇಳಿದ್ರು. "ಜವರಮ್ಮ, ಇನ್ನೊಂದು ಸಲ ಏನಾದ್ರೂ ಮುರಿದ್ರೆ ನನ್ನ ಹತ್ರ ಮಾರೋಕೆ ಈ ಹಿತ್ಲು ಒಂದೇ ಉಳಿದಿರೋದು. ನಿನ್ನ ಗಂಡನಿಗೆ ಕೊಟ್ಟ ಮಾತಿದೆ. ನನ್ನ ಕೈಲಿ ಆ ಮಾತು ಮುರಿಸ್ಬೇಡಿ."

ಅವತ್ತು ಜವರಮ್ಮ ಉಣ್ಣಲಿಲ್ಲ. ಮಗನ್ನ ಎದುರಿಗೆ ಕೂರಿಸ್ಕೊಂಡು, ಕೈ ಮುಗಿದು ಹೇಳಿದ್ಳು. ಹೆತ್ತ ತಾಯಿ, ಮಗನಿಗೆ ಕೈ ಮುಗಿದ್ಳು ಕಣ್ರೀ!

"ಅಪ್ಪಾ ಸಣ್ಣಯ್ಯ, ನಿನ್ನ ತಲೆ ಓಡಿಸ್ಬೇಡ. ದೊಡ್ಡೋರು ಹೇಳಿದ್ದನ್ನ ಮಾಡು. ಕಾರಿಗೆ ಏನೇ ಆಗ್ಲಿ, ಅರಸರು ಹೇಳದೆ ಅದನ್ನ ಮುಟ್ಟಬೇಡ. ಯಾರು ಬಾಯಿ ಬಡ್ಕೊಂಡ್ರೂ ಮುಟ್ಟಬೇಡ. ನಾನೇ ಬಾಯಿ ಬಡ್ಕೊಂಡ್ರೂ ಮುಟ್ಟಬೇಡ!"

"ಹಂಗೇ ಆಗ್ಲಿ ಕಣವ್ವ!"

ಆಯುಧಪೂಜೆ ಬಂತು. ಬೆಟ್ಟದ ಮೇಲೆ ಅಮ್ಮನ ಗುಡಿ ಮುಂದೆ ಗಾಡಿ ಪೂಜೆ ಮಾಡಿಸೋದು ಅರಸರ ಮನೆ ಪದ್ಧತಿ. ಹೊಸ ಇಂಜಿನ್ನೇನೋ ಬಂದಿತ್ತು, ಹ್ಯಾಂಡ್‌ಬ್ರೇಕಿನ ತಂತಿ ಇನ್ನೂ ಹಡಗಲ್ಲೇ ಇತ್ತು. "ನಿಲ್ಲಿಸಿದ ಕಡೆ ಚಕ್ರಕ್ಕೆ ಕಲ್ಲು ಕೊಡಿ, ಇಲ್ದಿದ್ರೆ ನಿಲ್ಲಲ್ಲ," ಅಂದಿದ್ರು ಸಾಬ್ರು. ಅಮ್ಮಣ್ಣಿಯವರು ಬರಲ್ಲ ಅಂದ್ರು. ದೃಷ್ಟಿ ತೆಗೆಯೋ ಬೂದುಗುಂಬಳಕಾಯಿ ಉರುಳದ ಹಾಗೆ ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ? ಅರಸರು ಜವರಮ್ಮನ್ನ ಪಕ್ಕದ ಸೀಟಲ್ಲಿ ಕೂರಿಸಿದ್ರು. ಗಂಡ ಜೀವಮಾನವೆಲ್ಲಾ ಒರೆಸಿದ ಕಾರಲ್ಲಿ ಅವಳು ಕೂತಿದ್ದು ಅದೇ ಮೊದಲು. ಕುಂಬಳಕಾಯಿ ತಬ್ಕೊಂಡು, ಕಣ್ಣು ಮುಚ್ಕೊಂಡು, ತಿರುವು ತಿರುವಿಗೂ ಅಮ್ಮನ್ನ ನೆನೀತಾ ಹೋದ್ಳು. ಅರಸರೇ ಹೇಳಿದ್ರು ಅಂತ ಸಣ್ಣಯ್ಯ ಹಿಂದೆ ತಳ್ತಾ ಬಂದ.

ಗುಡಿ ಮುಂದೆ ಇಳಿಜಾರು. ಇಳಿಜಾರಿನ ಕೊನೇಲಿ ಗೋಡೆ ಇಲ್ಲ, ಬರೀ ಗಾಳಿ. ಅರಸರು ಕಾರು ನಿಲ್ಲಿಸಿ, ಕಲ್ಲು ಕೊಡಿಸಿ, ಅರ್ಚನೆಗೆ ಒಳಕ್ಕೆ ಹೋದ್ರು. ಜವರಮ್ಮ ಕುಂಬಳಕಾಯಿ ಹಿಡ್ಕೊಂಡು ಕಾರಲ್ಲೇ ಕೂತಿದ್ಳು. ಪೂಜಾರಪ್ಪ ಬಂದು ಹಾರ ಹಾಕಿದ, ಕುಂಕುಮ ಇಟ್ಟ. ನಿಂಬೆಹಣ್ಣು ಸಣ್ಣಯ್ಯನ ಕೈಗೆ ಕೊಟ್ಟ.

"ಒಂದೊಂದು ಚಕ್ರಕ್ಕೂ ಒಂದೊಂದು ಇಡಪ್ಪ. ಹಿಂದೆ ಲಾರಿಗಳು ಕಾಯ್ತಾ ಇವೆ, ಬೇಗ!"

"ಅಲ್ಲಿ ಕಲ್ಲಿದೆ ಪೂಜಾರಪ್ಪ."

"ಹಬ್ಬದ ದಿನ ಚಕ್ರಕ್ಕೆ ಕಲ್ಲಾ? ತೆಗಿ ಅತ್ಲಾಗೆ! ನಿಂಬೆಹಣ್ಣು ಇಡು!"

ದೊಡ್ಡೋರು ಹೇಳಿದ್ರಲ್ಲ! ಸಣ್ಣಯ್ಯ ಕಲ್ಲು ತೆಗೆದ. ನಿಂಬೆಹಣ್ಣು ಇಟ್ಟ. ಚಂದ ಕಾಣ್ಲಿ ಅಂತ ಇನ್ನೊಂದಿಷ್ಟು ಸರಿ ಮಾಡಿಟ್ಟ.

ಪಿಚಕ್ ಅಂತು. ಕಾರು ಹೊರಟಿತು.

"ಲೋ! ಹಿಡಿಯೋ! ಸಣ್ಣಯ್ಯಾ, ಹಿಡಿಯೋ!" ಕಿರುಚಿದ್ಳು ಜವರಮ್ಮ.

ಸಣ್ಣಯ್ಯ ಪಕ್ಕದಲ್ಲೇ ಓಡಿದ, ಕೈ ಬೆನ್ನ ಹಿಂದೆ ಕಟ್ಕೊಂಡು. "ಮುಟ್ಟಬೇಡ ಅಂದಿದ್ದೆಯಲ್ಲವ್ವ!"

"ಈಗ ನಾನೇ ಹೇಳ್ತಿದ್ದೀನಿ, ಹಿಡಿಯೋ ಪಾಪಿ!"

"ನಾನೇ ಬಾಯಿ ಬಡ್ಕೊಂಡ್ರೂ ಮುಟ್ಟಬೇಡ ಅಂದಿದ್ದೆ! ಇರವ್ವ, ಅರಸರನ್ನ ಕೇಳ್ಕೊಂಡು ಬರ್ತೀನಿ!" ಅಂತ ಗುಡಿ ಕಡೆ ತಿರುಗಿ ಓಡಿದ. ಅಳ್ತಾ ಓಡಿದ, ಪಾಪ. ಹಿಡಿದಿದ್ರೆ ಆ ಕೈಗೆ ಕಾರು ನಿಲ್ತಿತ್ತು.

ಅಂಚು ಹತ್ರ ಬಂತು. ಕೆಳಗೆ ಪೇಟೆ ಮನೆಗಳು ಬೆಂಕಿಪೊಟ್ಣದ ಹಾಗೆ ಕಂಡ್ವು. ಜವರಮ್ಮ "ಅಮ್ಮಾ ತಾಯೀ" ಅಂತ ಕುಂಬಳಕಾಯಿ ಸಮೇತ ಹುಲ್ಲಿನ ಮೇಲೆ ಧುಮುಕಿದ್ಳು. ಕುಂಬಳಕಾಯಿ ಒಡೆದು ಹೋಳಾಯ್ತು. ಕಾರು ಅಂಚು ದಾಟಿ ಕೆಳಗಿನ ಲಂಟಾನಾ ಪೊದೆಗೆ ದಡ ದಡ ಉರುಳಿತು.

ಮೊಣಕೈ ತರಚಿ ರಕ್ತ. ಎದ್ದು ನಿಂತು, "ಮುಟ್ಟಬಹುದಂತೆ ಕಣವ್ವ, ಅರಸರು ಹೇಳಿದ್ರು!" ಅಂತ ಗುಡಿಯಿಂದ ಓಡಿ ಬಂದ ಸಣ್ಣಯ್ಯನ ಜುಟ್ಟು ಹಿಡಿದ್ಳು. ಬೇರೇನೂ ತೋಚಲಿಲ್ಲ ಅವಳಿಗೆ, ಮನೇಲಿ ಕೊಡ ಬೀಳಿಸಿದಾಗ ಬೈಯೋ ಮಾತೇ ಬಾಯಿಗೆ ಬಂತು. "ಹೋಗೋ! ಬೀಳಿಸಿದ್ದನ್ನ ಎತ್ತಿ ಇದ್ದ ಜಾಗದಲ್ಲಿ ಇಡೋ ತನಕ ನನ್ನ ಮನೆ ಬಾಗಿಲು ತುಳೀಬೇಡ!"

"ಹಂಗೇ ಆಗ್ಲಿ ಕಣವ್ವ," ಅಂದ, ಹೋದ.

ಅರಸರು ಓಡಿ ಬಂದ್ರು. ಅಂಚಲ್ಲಿ ನಿಂತು ಕೆಳಗೆ ನೋಡಿದ್ರು. ಜವರಮ್ಮ ಅವರ ಕಾಲು ಹಿಡ್ಕೊಂಡ್ಳು. ಮುಗೀತು, ಮನೆ ಹೋಯ್ತು ಅನ್ಕೊಂಡ್ಳು. ಸುತ್ತೋಕೆ ಕಾರಿಲ್ಲ, ಕೈ ಇಡೋಕೆ ಬಾನೆಟ್ ಇಲ್ಲ. ಅರಸರು ಬಗ್ಗಿ ಅವಳ ತೋಳು ಹಿಡಿದ್ರು.

"ಏಳು ಜವರಮ್ಮ. ನೀನು ಉಳಿದೆಯಲ್ಲ, ಅಷ್ಟು ಸಾಕು. ಕಣ್ಣಿಂದ ಮರೆಯಾಯ್ತು, ಪೀಡೆ ಬಿಡ್ತು. ಇನ್ನು ಏನನ್ನೂ ಮಾರ್ಬೇಕಾಗಿಲ್ಲ. ಹಿತ್ಲು ಹಿತ್ಲಾಗೇ ಇರುತ್ತೆ."

ಇಬ್ಬರೂ ಬೆಟ್ಟದ ಮೆಟ್ಟಿಲಿಳಿದು ಮನೆಗೆ ಬಂದ್ರು. ಅಮ್ಮಣ್ಣಿಯವರು ದೇವರಿಗೆ ತುಪ್ಪದ ದೀಪ ಹಚ್ಚಿದ್ರು. ಜವರಮ್ಮ ಮಗನಿಗೆ ಅಂತ ಹೋಳಿಗೆ ತಟ್ಟಿದ್ಳು. ಮಗ ಬರ್ಲಿಲ್ಲ. ಕತ್ತಲಾಯ್ತು, ಬರ್ಲಿಲ್ಲ. ಬೈದೆನಲ್ಲಾ, ಎಲ್ಲಿ ಹೋಗಿ ಬಿದ್ನೋ ಅಂತ ಬಾಗಿಲಲ್ಲೇ ಕೂತ್ಳು. ಬೆಳಗಾಯ್ತು, ವಿಜಯದಶಮಿ ದಿನ ಹೊತ್ತು ನೆತ್ತಿಗೆ ಬಂತು.

ಆಗ ಬೀದೀಲಿ ಗೆಜ್ಜೆ ಸದ್ದು. ಜವರಮ್ಮ ಓಡಿ ಬಂದು ನೋಡಿದ್ಳು. ಹಬ್ಬಕ್ಕೆ ಸಿಂಗರಿಸಿದ್ದ ಎರಡು ಜೊತೆ ಎತ್ತು. ಎತ್ತಿನ ಹಿಂದೆ ಹಗ್ಗ. ಹಗ್ಗದ ಹಿಂದೆ ಆ ಕೆಂಪು ಕಾರು, ಸೊಟ್ಟಾಗಿ, ನಜ್ಜುಗುಜ್ಜಾಗಿ, ಕೊರಳಲ್ಲಿ ಪೂಜೆ ಹಾರ ಹಾಕ್ಕೊಂಡು!

ಅವತ್ತು ಸಣ್ಣಯ್ಯ ಒಂದೂ ತಪ್ಪು ಮಾಡಿರ್ಲಿಲ್ಲ ಕಣ್ರೀ. ದೀಪದ ಗಾಜನ್ನ ಬಟ್ಟೇಲಿ ಸುತ್ತಿ ಎದೆಗೆ ಅವಚ್ಕೊಂಡಿದ್ದ. ಬ್ಯಾಟರಿ ನೆಟ್ಟಗಿಟ್ಟಿದ್ದ. ಇಂಜಿನ್ನಿಗೆ ಒಂದು ಹನಿ ನೀರು ಸೋಕಿಸಿರ್ಲಿಲ್ಲ. ಷೆಡ್ಡಿಗೆ ತಂದು, ಇದ್ದ ಜಾಗದಲ್ಲೇ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟ.

"ಅವ್ವಾ, ಎತ್ತಿ ಇದ್ದ ಜಾಗದಲ್ಲೇ ಇಟ್ಟೆ! ಈಗ ಮನೆ ಒಳಕ್ಕೆ ಬರ್ಲಾ?"

ಜವರಮ್ಮ ಬಂಗ್ಲೆ ಕಡೆ ತಿರುಗಿದ್ಳು. ಅರಸರು ಮೆಟ್ಟಿಲಿಳಿದು ಬರ್ತಿದ್ರು. ನೋಡಬೇಡಿ ಬುದ್ದೀ, ನೋಡಬೇಡಿ ಅಂತ ಅವಳ ಮನಸ್ಸು ಕೂಗ್ತಿತ್ತು. ಅರಸರು ಕಾರನ್ನ ಒಂದು ಸುತ್ತು ಸುತ್ತಿದ್ರು. ಬಾನೆಟ್ ಮೇಲೆ ಮೆತ್ತಗೆ ಕೈ ಇಟ್ರು. ಹಿತ್ತಲ ಕಡೆ ನೋಡಲಿಲ್ಲ, ಜವರಮ್ಮನ ಮುಖ ನೋಡಲಿಲ್ಲ.

"ರಸೂಲ್ ಸಾಬ್ರನ್ನ ಕರೀರಿ," ಅಂದ್ರು.

ಜವರಮ್ಮ ಒಳಕ್ಕೆ ಹೋಗಿ ಪಾತ್ರೆ ಪಗಡ ಒಂದೊಂದೇ ಆಚೆ ತಂದು ಅಂಗಳದಲ್ಲಿ ಇಡೋಕೆ ಶುರು ಮಾಡಿದ್ಳು. ಸಣ್ಣಯ್ಯ ನೋಡಿದ. ಇದ್ದ ಜಾಗದಲ್ಲಿ ಇಡ್ಬೇಕು ಅಂತ ಅವ್ವಾನೇ ಹೇಳಿದ್ಳಲ್ಲ! ತಪ್ಪಲೆ ಎತ್ಕೊಂಡು ಒಳಗಿಟ್ಟು ಬಂದ. ಒರಳುಕಲ್ಲು ಎತ್ಕೊಂಡು ಒಳಗಿಟ್ಟು ಬಂದ. ಅವಳು ಒಂದು ಆಚೆ ತರೋಳು, ಇವನು ಒಂದು ಒಳಕ್ಕೆ ಹೊರೋನು.

"ನೀನು ಕೂತ್ಕೋ ಅವ್ವ," ಅಂದ ಕೊನೆಗೆ, ಬೆವರು ಒರೆಸ್ಕೊಂಡು. "ನಾನಿರೋ ತನಕ ಒಂದು ಚೊಂಬೂ ಈ ಮನೆ ಬಿಟ್ಟು ಹೋಗಲ್ಲ."