ಮುಂಗುಸಿ ಕಟ್ಟಿದ ಗಂಟು

ಒಂದು ಕಾಡಿನಲ್ಲಿ ಒಂದು ಬಳ್ಳಿಯ ಸೇತುವೆ ಇತ್ತು. ಹಳ್ಳದ ಈಚೆ ಪ್ರಾಣಿಗಳ ಮನೆ, ಆಚೆ ಹಣ್ಣಿನ ಮರಗಳು. ಸೇತುವೆ ಇಲ್ಲದಿದ್ದರೆ ಮಳೆಗಾಲದಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅದು ಯಾರಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ದಾಟಬಹುದು, ಯಾರು ಬೇಕಾದರೂ ರಿಪೇರಿ ಮಾಡಬಹುದು, ನೋಡಿ ಕಲಿತು ತಮ್ಮ ಹಳ್ಳಕ್ಕೂ ಅಂಥದ್ದೇ ಕಟ್ಟಿಕೊಳ್ಳಬಹುದು. ಕಟ್ಟಳೆ ಒಂದೇ. ಗಂಟು ಹಾಕಿದವರು ಒಬ್ಬರಾದರೆ, ಎಳೆದು ನೋಡುವವರು ಇನ್ನೊಬ್ಬರು. ಆಮೇಲೆ ಸಂಜೆ ಗೊರವಂಕ ಹಕ್ಕಿ ಕೊಂಬೆಯ ಮೇಲೆ ಕೂತು, ಇದು ಇಂಥವರು ಕಟ್ಟಿದ ಗಂಟು ಎಂದು ಕಾಡಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಸೇತುವೆಯನ್ನು ಮೊದಲು ಕಟ್ಟಿದವನು ಕರಿಮೂತಿಯ ಮುದಿ ಕೋತಿ, ಮುಸುವಜ್ಜ. ಕಾಡಿನ ಪಾಠಶಾಲೆಯಲ್ಲಿ ಓದುತ್ತಿದ್ದ ಮುಂಗುಸಿಮರಿಯೂ ಮೊಲದ ಮರಿಯೂ ಒಂದು ದಿನ ಅವನ ಹತ್ತಿರ ಹೋದವು. ನಾವೂ ಕೈಹಚ್ಚಬೇಕು, ಎಲ್ಲಿಂದ ಶುರುಮಾಡೋಣ ಎಂದು ಕೇಳಿದವು.

"ಮೊದಲು ನಾಲ್ಕು ದಿನ ದಾಟಿ ನೋಡ್ರಪ್ಪ," ಅಂದ ಅಜ್ಜ. "ಎಲ್ಲಿ ನಿಮ್ಮ ಕಾಲು ಸಿಕ್ಕಿಕೊಳ್ಳುತ್ತೋ ಅಲ್ಲೇ ಕೂತು ಸರಿಮಾಡಿ. ಗೊತ್ತಾಗದಿದ್ದರೆ ನನ್ನನ್ನ ಕೇಳಿ."

ಮೊಲ ಹಾಗೇ ಮಾಡಿತು. ಅದರ ಪುಟ್ಟ ಕಾಲು ಒಂದು ಸಂದಿಗೆ ಇಳಿಯಿತು. ಅಲ್ಲಿ ಒಂದು ಬಳ್ಳಿ ಹೆಣೆದು ಗಂಟು ಹಾಕಿತು. ಅಜ್ಜ ಎಳೆದಾಗ ಗಂಟು ಬಿಚ್ಚಿಕೊಂಡಿತು. ಮೊಲಕ್ಕೆ ಅಳುವೇ ಬಂತು. ಆದರೂ ಕೇಳಿ ಕೇಳಿ ಮತ್ತೆ ಹಾಕಿತು. ಕೊನೆಗೊಂದು ಸಂಜೆ ಗೊರವಂಕ ಅದರ ಹೆಸರು ಕೂಗಿತು.

ಮುಂಗುಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು! ಯಾರ ಹೆಸರು ಹೆಚ್ಚು ಕೇಳಿಸುತ್ತದೋ ಅವರನ್ನು ಪಕ್ಕದ ಕಾಡಿನ ಆನೆ ತನ್ನ ದೊಡ್ಡ ಸೇತುವೆಯ ಕೆಲಸಕ್ಕೆ ಕರೆಯುತ್ತದಂತೆ ಎಂದು ಅದು ಕೇಳಿತ್ತು. ಅಜ್ಜ ಹಾಕಿದ್ದ ಗಟ್ಟಿ ಗಂಟುಗಳನ್ನೇ ಬಿಚ್ಚಿತು, ತಾನೇ ಮತ್ತೆ ಕಟ್ಟಿತು. ಮೊಲ ಎಳೆದು ನೋಡಿದೆ ಎಂದು ಗೊರವಂಕಕ್ಕೆ ಸುಳ್ಳು ಹೇಳಿತು. ಪಾಪದ ಹಕ್ಕಿ, ನಂಬಿತು. ಸಂಜೆಯೆಲ್ಲ "ಮುಂಗುಸಿ ಕಟ್ಟಿದ ಗಂಟು, ಮುಂಗುಸಿ ಕಟ್ಟಿದ ಗಂಟು" ಎಂದು ಕೂಗಿದ್ದೇ ಕೂಗಿದ್ದು. ಮುಂಗುಸಿ ಬಾಲ ಎತ್ತಿಕೊಂಡು ಮೆರೆಯಿತು. ನನಗಂತೂ ಈ ಮರಿಯ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನ್ನಿಸುತ್ತದೆ. ಅದರ ಬೆರಳುಗಳು ಮೊಲದ್ದಕ್ಕಿಂತ ಚುರುಕಾಗಿದ್ದವು. ಕೇಳಿದ್ದರೆ ಬೇಗನೆ ಕಲಿಯುತ್ತಿತ್ತು.

ಮಳೆ ಹಿಡಿಯಿತು. ಹಳ್ಳ ತುಂಬಿತು. ಮರಿಗಳಿಗೆ ಹಣ್ಣು ತರಲು ಅಜ್ಜ ಸೇತುವೆ ಹತ್ತಿದ. ನಡುವಿಗೆ ಬಂದಾಗ ಗಂಟುಗಳು ಒಂದೊಂದೇ ಜಾರಿದವು. ಸೇತುವೆ ಹರಿಯಿತು, ಅಜ್ಜ ಬಂಡೆಯ ಮೇಲೆ ಬಿದ್ದ. ಎಲ್ಲರೂ ಸೇರಿ ಅವನನ್ನು ದಡಕ್ಕೆಳೆದರು. ಜೀವ ಉಳಿಯಿತು, ಕೈಗಳು ಉಳಿಯಲಿಲ್ಲ. ಬೆರಳು ಮತ್ತೆ ಮಡಿಸಲು ಬರಲೇ ಇಲ್ಲ.

ಮುಂಗುಸಿಯ ಹೆಸರು ಕೇಳಿ ಪಕ್ಕದ ಕಾಡಿನ ಆನೆಯೂ ಬಂತು. ಹರಿದ ಸೇತುವೆಯನ್ನು ನೋಡಿತು. ಇದು ಯಾರ ಗಂಟು ಎಂದು ಕೇಳಿತು. ಗೊರವಂಕ ಹೇಳಿತು. ಆನೆ ಬಂದ ದಾರಿಯಲ್ಲೇ ಹಿಂದಿರುಗಿತು.

ಮುಂಗುಸಿ ಅಜ್ಜನ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತಿತು. ತಪ್ಪನ್ನೆಲ್ಲ ಒಪ್ಪಿಕೊಂಡಿತು. ನಿನ್ನ ಗಂಟು ಕಲಿಸು ಅಜ್ಜ, ಎಲ್ಲವನ್ನೂ ಮತ್ತೆ ಕಟ್ಟುತ್ತೇನೆ ಎಂದಿತು.

"ಅವತ್ತೇ ಕೇಳಿದ್ದರೆ ಕೈ ಹಿಡಿದು ಕಲಿಸ್ತಿದ್ದೆ ಮಗಾ," ಅಂದ ಅಜ್ಜ. "ಬಾಯಲ್ಲಿ ಹೇಳಿದರೆ ಬರೋ ಗಂಟಲ್ಲ ಅದು."

ಮುಂಗುಸಿಯೂ ಮೊಲವೂ ಸೇರಿ ತಮಗೆ ಬಂದಷ್ಟು ಗಂಟು ಹಾಕಿ ಸೇತುವೆ ಕಟ್ಟಿದವು. ಅದು ಮೊದಲಿನ ಹಾಗೆ ಆಗಲಿಲ್ಲ. ಈಗ ಮುಂಗುಸಿ ತನ್ನ ಒಂದೊಂದು ಗಂಟನ್ನೂ ಇನ್ನೊಬ್ಬರಿಂದ ಎಳೆಸಿಯೇ ಮುಂದಕ್ಕೆ ಹೋಗುತ್ತದೆ. ಆದರೆ ಗೊರವಂಕಕ್ಕೆ ಕಲಿತದ್ದನ್ನು ಮರೆಯಲು ಬರುವುದಿಲ್ಲ. ಸಂಜೆಯಾದರೆ ಸಾಕು, ಹರಿದ ಬಳ್ಳಿ ಇನ್ನೂ ಜೋತಾಡುವ ಆ ಕೊಂಬೆಯ ಮೇಲೆ ಕೂತು "ಮುಂಗುಸಿ ಕಟ್ಟಿದ ಗಂಟು" ಎಂದು ಕೂಗುತ್ತದೆ. ಮುಂಗುಸಿ ಕಿವಿ ಮುಚ್ಚಿಕೊಂಡು ಬಿಲ ಸೇರುತ್ತದೆ.

ನೀತಿ: ಎಲ್ಲರೂ ಸೇರಿ ಕಟ್ಟುವುದು ಸೇತುವೆಯಾಗಲಿ, ಸಾಫ್ಟ್‌ವೇರ್ ಆಗಲಿ, ಹೆಸರಿಗಾಗಿ ಕೈಹಾಕಬೇಡಿ, ಸಣ್ಣದರಿಂದ ಶುರುಮಾಡಿ, ಕಲಿಸುವವರು ಇರುವಾಗಲೇ ಕೇಳಿ ಕಲಿಯಿರಿ.