ಕೆನ್ನೆ ತುಂಬ ಕಡುಬು

“ಗುರುಗಳೇ, ದಿನವೂ ಬೆಳಗ್ಗೆ ಪ್ರಾಣಾಯಾಮ ಮಾಡುತ್ತೇನೆ. ಈ ಆಶ್ರಮದಲ್ಲಿ ನನ್ನಷ್ಟು ಹೊತ್ತು ಉಸಿರು ಕಟ್ಟುವವರು ಇನ್ನೊಬ್ಬರಿಲ್ಲ. ಆದರೂ ಎದೆ ಬಿಗಿಯುತ್ತದೆ, ನಿದ್ದೆ ಹತ್ತುವುದಿಲ್ಲ. ಎಲ್ಲಿ ತಪ್ಪಿದೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನ ಉಬ್ಬಿದ ಎದೆಯನ್ನೊಮ್ಮೆ ನೋಡಿದರು. ಕೂತುಕೋ ಎಂದು ಕಣ್ಣಲ್ಲೇ ಹೇಳಿ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಓಲಗದವನಿದ್ದ. ಸುತ್ತಿನ ಊರುಗಳಲ್ಲಿ ಅವನ ಓಲಗವಿಲ್ಲದೆ ತಾಳಿ ಕಟ್ಟಿದವರಿಲ್ಲ. ವಯಸ್ಸಾಗುತ್ತಾ ಬಂದಂತೆ ಅವನಿಗೆ ದಮ್ಮು ಸಾಲದಾಯಿತು. ನಾಲ್ಕು ಸ್ವರ ಊದುವಷ್ಟರಲ್ಲಿ ಏದುಸಿರು. ಅವನೇನೋ ಓಲಗವನ್ನು ಮೂಲೆಗಿಟ್ಟು ಸುಮ್ಮನಾಗುತ್ತಿದ್ದ. ಅಷ್ಟರಲ್ಲಿ ಮೊಮ್ಮಗಳ ಮದುವೆ ಗೊತ್ತಾಯಿತು.

“ತಾತ, ನನ್ನ ತಾಳಿಗೆ ನೀನೇ ಊದಬೇಕು. ಬೇರೆಯವರು ಊದಿದರೆ ನಾನು ಹಸೆಗೇ ಬರಲ್ಲ” ಎಂದು ಅವಳು ಪಟ್ಟು ಹಿಡಿದಳು. ಆ ಮಾತನ್ನು ತೆಗೆದುಹಾಕಲು ಅವನಿಂದಾಗಲಿಲ್ಲ.

ಊರಾಚೆ ಒಬ್ಬ ಸನ್ಯಾಸಿ ಇದ್ದ. ಓಲಗದವನು ಅವನ ಬಳಿ ಹೋಗಿ ಕಷ್ಟ ಹೇಳಿಕೊಂಡ. ಸನ್ಯಾಸಿ ಹೇಳಿದ್ದು ಇಷ್ಟೇ: ಮೆಲ್ಲಗೆ ಉಸಿರು ತೆಗೆದುಕೋ, ಅದಕ್ಕಿಂತ ಮೆಲ್ಲಗೆ ಪೂರ್ತಿ ಬಿಡು. ಓಲಗದವನ ಕಿವಿಗೆ ಮೊದಲರ್ಧ ಹೋಯಿತು, ಉಳಿದರ್ಧ ಹೋಗಲಿಲ್ಲ. ತಪ್ಪು ಅವನದೆನ್ನಲಾಗದು. ಉಸಿರು ಪೋಲಾಗಬಾರದು ಎಂದು ಅಪ್ಪನ ಕೈಲಿ ಬೆನ್ನಿಗೆ ಗುದ್ದಿಸಿಕೊಂಡು ವಿದ್ಯೆ ಕಲಿತವನು ಅವನು. ಊದುವಾಗಲೂ ಕೆನ್ನೆಯಲ್ಲಿಷ್ಟು ಗಾಳಿ ಮಿಗಿಸಿ ಇಟ್ಟುಕೊಳ್ಳುವುದೇ ಅವರ ಕಸುಬಿನ ಗುಟ್ಟು. ಹಾಗಾಗಿ ದಿನವೂ ಎದೆ ಬಿರಿಯುವಷ್ಟು ಎಳೆದುಕೊಂಡ, ಬಿಡುವಾಗ ಮಾತ್ರ ಜಿಪುಣನಾದ. ಹಳೆಯ ಗಾಳಿ ಒಳಗೇ ಕೂತರೆ ಹೊಸದಕ್ಕೆ ಜಾಗವೆಲ್ಲಿ? ಮದುವೆಯ ದಿನಕ್ಕೆ ದಮ್ಮು ಇನ್ನಷ್ಟು ಕೆಟ್ಟಿತ್ತು.

ಗಂಡಿನ ಕಡೆಯವರು ಬಂದಿಳಿದರು. ಓಲಗದವನು ಚಪ್ಪರದ ಕಂಬಕ್ಕೆ ಒರಗಿ, ಕೆನ್ನೆ ಉಬ್ಬಿಸಿ, ಮುಹೂರ್ತಕ್ಕೆಂದು ಉಸಿರು ಕೂಡಿಡುತ್ತಾ ಕೂತಿದ್ದ. ಮೊಮ್ಮಗಳಿಗೆ ಕೊಟ್ಟ ಮಾತು ಇವತ್ತು ಹೋಗುತ್ತದೆ ಎಂಬ ಹೆದರಿಕೆ ಅವನಿಗೆ. ಎದುರುಗೊಳ್ಳುವಾಗ ಬೀಗರು ಬೀಗರನ್ನು ಹಾಡು ಕಟ್ಟಿ ಹಂಗಿಸುವುದು ಅಲ್ಲಿನ ಪದ್ಧತಿ, ಯಾರೂ ಮುನಿಸಿಕೊಳ್ಳುವಂತಿಲ್ಲ. ಗಂಡಿನ ಅಜ್ಜಿ ಸುತ್ತ ಕಣ್ಣಾಡಿಸಿದಳು. ಇಂಥ ಮುಖ ಸಿಕ್ಕಮೇಲೆ ಅವಳಿಗೆ ಬೇರೆ ಯಾರು ಬೇಕು? ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನೆದುರೇ ನಿಂತು ಎತ್ತಿಕೊಂಡಳು:

“ಬಾಯ ತುಂಬ ಕಡುಬು ತುರುಕಿ ಕುಂತವ್ರೆ ನಮ್ಮ ಬೀಗರು,
ನುಂಗಂಗಿಲ್ಲ, ಉಗಳಂಗಿಲ್ಲ, ಯಾರಿಗೆ ಹೇಳ್ಯಾರು.”

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಓಲಗದವನು ತಡೆದುಕೊಂಡ, ಇನ್ನೂ ತಡೆದುಕೊಂಡ, ಆಮೇಲೆ ಆಗಲಿಲ್ಲ. ತುಟಿ ಬಿಚ್ಚಿ ನಗು ನುಗ್ಗಿತು. ಹೊಟ್ಟೆ ಹಿಡಿದು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಒಳಗಿದ್ದ ಗಾಳಿಯೆಲ್ಲ ಖಾಲಿಯಾಗುವಂತೆ ನಕ್ಕ. ನಗು ನಿಂತಾಗ ಉಸಿರು ತಾನಾಗಿಯೇ ಒಳಗೆ ಬಂತು. ಯಾರೂ ಎಳೆಯಲಿಲ್ಲ, ಅದು ಹೊಟ್ಟೆಯ ತಳದವರೆಗೆ ಇಳಿಯಿತು. ಸನ್ಯಾಸಿಯ ಮಾತಿನ ಉಳಿದರ್ಧ ಅವನಿಗೆ ಆಗ ಕೇಳಿಸಿತು.

“ಬೀಗಿತ್ತೀ, ಇನ್ನೊಂದ್ ಸಲ ಹಾಡವ್ವ” ಎಂದ.

ತಾಳಿ ಕಟ್ಟುವ ಹೊತ್ತಿಗೆ ಅವನು ಊದಿದ. ಡೋಲಿನವನ ಕೈ ಸೋತರೂ ಓಲಗ ನಿಲ್ಲಲಿಲ್ಲ. ಹಸೆಯ ಮೇಲಿದ್ದ ಮೊಮ್ಮಗಳು ನಾಚಿಕೆ ಮರೆತು ತಲೆಯೆತ್ತಿ ನೋಡಿದಳು. ತಾತನಿಗೆ ಅದಕ್ಕಿಂತ ಸುಖ ಬೇರೆ ಇರಲಿಲ್ಲ. ಅಂದಿನಿಂದ ಅವನು ಬೆಳಗ್ಗೆ ಕೂತಾಗಲೆಲ್ಲ ಮೊದಲು ಉಸಿರನ್ನು ಪೂರ್ತಿ ಬಿಡುತ್ತಿದ್ದ. ಹಸಿವು ಚೆನ್ನಾಗಿ ಆಗತೊಡಗಿತು, ಮಲಗಿದರೆ ನಿದ್ದೆಯೂ ಬಂತು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕಣ್ಣು ಮಿಟುಕಿಸದೆ, ಎದೆ ಉಬ್ಬಿಸಿಕೊಂಡೇ ಕೂತಿದ್ದ. ಗುರುಗಳು ನಗುತ್ತಾ ಅವನ ಬೆನ್ನು ತಟ್ಟಿದರು.

“ಕತೆ ಮುಗಿಯಿತಪ್ಪಾ, ಇನ್ನು ಉಸಿರು ಬಿಡು.”