ಎರಡು ಹಿಡಿಯವ್ವನ ಗುಡಿ

ಗೊರವಿನಾಳದ ಕೆರೆಯ ಏರಿಯ ಮೇಲೆ ಎರಡು ಹಿಡಿಯವ್ವನ ಗುಡಿ ಇದೆ. ಒಳಗೆ ವಿಗ್ರಹವಿಲ್ಲ. ಸೂರಿನಿಂದ ಬೀಜ ತುಂಬಿದ ಒಣ ಸೋರೆಬುರುಡೆಗಳು ತೂಗುತ್ತವೆ. ಒಂದೊಂದರ ಬಾಯಿಗೂ ಬೂದಿ, ಸಗಣಿ ಮೆತ್ತಿದ ಬಿರಡೆ. ಬಾಗಿಲ ಬಳಿಯದು ಮಾತ್ರ ಬರಿದು. ಬಂದವರು ತುಂಬಿದವನ್ನು ಬಿಟ್ಟು ಆ ಬರಿದಾದುದಕ್ಕೇ ಮೊದಲು ಕೈ ಮುಗಿಯುತ್ತಾರೆ. ಹೊಸಬರಿಗೆ ಇದು ವಿಚಿತ್ರವೆನಿಸುವುದು ಸಹಜ.

ಹಿಂದೆ ಒಮ್ಮೆ, ಗೌಡನ ಮಾತೇ ಊರಿಗೆ ಕಾನೂನಾಗಿದ್ದ ಕಾಲದಲ್ಲಿ, ತಿಪ್ಪವ್ವನೆಂಬ ಹೆಂಗಸು ಇಲ್ಲಿದ್ದಳು ಎನ್ನುತ್ತಾರೆ. ಅವಳ ಮನೆಯ ತೊಲೆಗೆ ಸವತೆ, ಹೀರೆ, ಬದನೆ, ಬೆಂಡೆ ಬೀಜಗಳ ಬುರುಡೆಗಳು. ಯಾರು ಕೇಳಿದರೂ ಒಂದು ಹಿಡಿ ಕೊಡುವಳು. ಬೆಳೆದ ಮೇಲೆ ಎರಡು ಹಿಡಿ ತಂದು ಹಾಕಬೇಕು, ಅಷ್ಟೇ ಕರಾರು. ರಾಚನಗೌಡನಿಗೆ ಇದು ಕಣ್ಣು ಚುಚ್ಚಿತು. ಊರಿನ ಬೀಜವೆಲ್ಲ ತನ್ನ ವಾಡೆಯ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ಇರತಕ್ಕದ್ದೆಂದು ಡಂಗುರ ಹೊಡೆಸಿದ. ತಿಪ್ಪವ್ವ ತೊಲೆಯ ಬುರುಡೆಗಳನ್ನೆಲ್ಲ ಕೆಳಗಿಳಿಸಿದಳು. ಹಗೇವಿಗೆ ಇಳಿದ ಬೀಜ ಬಡವರ ಹಿತ್ತಲಿಗೆ ಮತ್ತೆ ಏರಿ ಬರುವುದುಂಟೇ? ಕಾರಹುಣ್ಣಿಮೆಯ ಮುನ್ನಾದಿನ ಸುತ್ತಲ ನಾಲ್ಕೂರಿನ ಹೆಂಗಸರನ್ನು ಕರೆಸಿ, ಒಂದು ಕಾಳೂ ಉಳಿಯದಂತೆ ಹಂಚಿಬಿಟ್ಟಳು. ಮರುದಿನ ಆಳುಗಳೊಡನೆ ಬಂದ ಗೌಡ ಬುರುಡೆ ಅಲ್ಲಾಡಿಸಿದರೆ ಸದ್ದೇ ಇಲ್ಲ.

"ಕಂಡಕಂಡವ್ರಿಗೆ ಕೊಟ್ಟು ಕುಂತೀಯಲ್ಲ, ಹುಚ್ಚಿ! ಬನ್ನಿ ಹಬ್ಬಕ್ಕ ಇವು ತುಂಬಲಿಲ್ಲಂದ್ರ ನೀ ಊರು ಬಿಡಬೇಕು ನೋಡು," ಎಂದ.

"ಬುರುಡಿ ಬರಿದ ಆಗೇತಂದ್ರ ಬೀಜ ಮಣ್ಣು ಸೇರೇತಂತ ತಿಳೀರಿ ಗೌಡ್ರ," ಎಂದಳು ತಿಪ್ಪವ್ವ. ಹೇಳಿದ್ದೇನೋ ಗಟ್ಟಿಯಾಗಿಯೇ, ಬಾಗಿಲು ಹಾಕಿಕೊಂಡ ಮೇಲೆ ಬರಿದಾದ ಬುರುಡೆಗಳನ್ನು ಒಂದೊಂದಾಗಿ ಎಣಿಸಿದಳು.

ದಸರೆಯ ಬನ್ನಿ ಹಬ್ಬಕ್ಕೆ ವಾರವಿರುವಾಗ ಕೆರೆ ಒಡೆಯಿತು. ಹಗೇವಿಗೆ ನೀರು ನುಗ್ಗಿ ಊರಿನ ಬೀಜವೆಲ್ಲ ಕೊಳೆತು ನಾರಿತು. ತಿಪ್ಪವ್ವನ ಹಿತ್ತಲೂ ಕೊಚ್ಚಿಹೋಯಿತು. ಹಬ್ಬದ ದಿನ ಅವಳು ಗಂಟುಮೂಟೆ ಕಟ್ಟಿಕೊಂಡೇ ಹೊಸ್ತಿಲಲ್ಲಿ ಕುಳಿತಳು. ಹೊತ್ತು ನೆತ್ತಿಗೇರಿದರೂ ಒಂದು ನರಪಿಳ್ಳೆಯಿಲ್ಲ. ಗೌಡನ ಆಳು ಎರಡು ಸಲ ಇಣುಕಿ ಹೋದ. ಆಗ ಗುಡ್ಡದೂರಿನ ಮುದುಕಿಯೊಬ್ಬಳು ಸೊಂಟಮಟ ಹಳ್ಳದ ನೀರು ಹಾಯ್ದು, ಬೀಜದ ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದು ಬಂದಳು. ಅವಳ ಹಿಂದೆ ಸಾಲುಗಟ್ಟಿ ನಾಲ್ಕೂರಿನ ಹೆಂಗಸರು! ನೀರು ಏರದ ಗುಡ್ಡದ ಹಿತ್ತಲುಗಳಲ್ಲಿ ಬೀಜ ಬದುಕಿತ್ತು. ಒಬ್ಬೊಬ್ಬರದೂ ಎರಡೆರಡು ಹಿಡಿ. ಬುರುಡೆ ತುಂಬಿ, ಮಡಕೆ ತುಂಬಿ, ಕೊನೆಗೆ ಹಿಟ್ಟಿನ ಡಬರಿಯೂ ತುಂಬಿತು. ತಿಪ್ಪವ್ವ ಅಳುತ್ತಲೇ ನಕ್ಕಳು.

ಸಂಜೆ ರಾಚನಗೌಡ ತಾನೇ ಬಂದ. ಬಿತ್ತಲು ವಾಡೆಯಲ್ಲಿ ಒಂದು ಕಾಳಿರಲಿಲ್ಲ. ತಲೆಯ ರುಮಾಲು ತೆಗೆದು ಕೈಯೊಡ್ಡಿದ. ಬಾಗಿಲ ಬಳಿಯ ಪುಟ್ಟ ಬುರುಡೆ ತುಂಬಿದರೂ ಅದರಲ್ಲಿ ಹಿಡಿದದ್ದು ಒಂದೇ ಹಿಡಿ ಹೀರೆಬೀಜ. ತಿಪ್ಪವ್ವ ಅದನ್ನು ಅವನ ಕೈಗೆ ಸುರಿದಳು.

"ಎರಡು ಹಿಡಿ ತರಬೇಕ್ರೀ ಗೌಡ್ರ. ನಿಮಗೂ ಅದ ಕರಾರು."

ಗೌಡ ತಂದ. ತಂದದ್ದಷ್ಟೇ ಅಲ್ಲ, ಹಗೇವಿನ ಕಲ್ಲುಗಳನ್ನು ಕೀಳಿಸಿ ಈ ಗುಡಿ ಕಟ್ಟಿಸಿದ ಎನ್ನುತ್ತಾರೆ. ಗೋಡೆಯ ಕೆಳಸಾಲಿನ ಕಪ್ಪು ಕಲ್ಲುಗಳಲ್ಲಿ ನೀರಿನ ಕಲೆ ಇಂದಿಗೂ ಕಾಣುತ್ತದೆ. ಕಾರಹುಣ್ಣಿಮೆಗೆ ಒಂದು ಹಿಡಿ ಒಯ್ದವರು ಬನ್ನಿ ಹಬ್ಬಕ್ಕೆ ಎರಡು ಹಿಡಿ ತರುವುದು ತಪ್ಪಿಲ್ಲ. ಗೌಡನ ಕೈಗೆ ಬರಿದಾದ ಆ ಬುರುಡೆಯನ್ನು ಮಾತ್ರ ಯಾರೂ ತುಂಬುವುದಿಲ್ಲ. ಬಂದವರು ಅದನ್ನು ಅಲ್ಲಾಡಿಸಿ, ಸದ್ದಿಲ್ಲವೆಂದು ತಿಳಿದ ಮೇಲೇ ಕೈ ಮುಗಿಯುತ್ತಾರೆ. ಹೊರಗೆ ಬಂದರೆ ಏರಿಯ ಕೆಳಗೆ ಕಣ್ಣು ಹಾಯುವಷ್ಟು ದೂರ ಹಳದಿ ಹೀರೆಹೂ.